ಒಂದು ಅಂಕದ ಮಸ್ಕಿ

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನಂದ್ರು, ಯಾರು ಯಾವ ರೆಸಾರ್ಟಿಗೆ ಹೋದ್ರು, ಅದೆಲ್ಲ ಒಂದು ದಿನ ಪಕ್ಕಕ್ಕಿರಲಿ. ಇವತ್ತು ನನಗೆ ಬಂದ ಒಂದು ಫೋನ್ ಕರೆಯ ಬಗ್ಗೆ ಮಾತಾಡಬೇಕು.

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದು ಮೂರು ದಿನ ಆಗಿತ್ತು. ಸಿಂಧನೂರು ಕಡೆಯಿಂದ ಒಬ್ಬರು ನಮ್ಮ ಆಫೀಸಿಗೆ ಫೋನ್ ಮಾಡಿದ್ರು. ಗೊಬ್ಬರದ ಅಂಗಡಿ ಇಟ್ಕೊಂಡವರು. ಮಗಳಿಗೆ 625ಕ್ಕೆ 588 ಅಂಕ ಬಂದಿದೆ. ಸಿಹಿ ಹಂಚಬೇಕಾದ ಮನೆ. ಆದ್ರೆ ಆ ಅಪ್ಪನ ದನಿ ಕೇಳಿದ್ರೆ ಮಗಳು ಫೇಲಾದಳೇನೋ ಅನ್ನಿಸ್ತಿತ್ತು.

"ಸರ, ನೀವು ಟಿವಿಯಾಗ ದಿನಾ ಎಲ್ಲಾರಿಗೂ ಬುದ್ಧಿ ಹೇಳ್ತೀರಿ. ನಮ್ಮ ಹುಡುಗಿಗೂ ಒಂದು ಮಾತು ಹೇಳ್ರಿ. ಇಷ್ಟು ಮಾರ್ಕ್ಸ್ ತಗೊಂಡು ಆರ್ಟ್ಸಿಗೆ ಹೋಗ್ತೀನಿ, ಹಿಸ್ಟ್ರಿ ಓದ್ತೀನಿ ಅಂತ ಹಟ ಹಿಡಿದು ಕುಂತಾಳ. ಓಣ್ಯಾಗ ಮಂದಿ ನಗಾಕ ಹತ್ಯಾರ. ನೀವು ಇಂಜಿನಿಯರಿಂಗ್ ಓದಿದವರು ಅಂತ ಕೇಳೀನಿ. ನಿಮ್ಮ ಮಾತು ಕೇಳ್ತಾಳ."

ನಾನು ತಕ್ಷಣ ಏನೂ ಹೇಳಲಿಲ್ಲ. "ಅಣ್ಣ, ಎರಡು ದಿನ ಟೈಮ್ ಕೊಡಿ, ಯೋಚನೆ ಮಾಡಿ ಹೇಳ್ತೀನಿ" ಅಂದೆ. ಯೋಚನೆ ಮಾಡಿದೆ. ಈಗ ಹೇಳ್ತೀನಿ. ಅವರೊಬ್ಬರಿಗೇ ಹೇಳಿ ಫೋನ್ ಇಡಬಹುದಿತ್ತು. ಆದ್ರೆ ಈ ತಿಂಗಳು ಇಂಥದ್ದೇ ಜಗಳ ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಡೀತಾ ಇರುತ್ತೆ. ಅದಕ್ಕೆ ಎಲ್ಲರ ಎದುರಿಗೇ ಹೇಳ್ತೀನಿ.

ಮೊದಲು ನನ್ನ ಕಥೆ. ಹತ್ತನೇ ಕ್ಲಾಸಿನಲ್ಲಿ ನನಗೂ ಸಮಾಜ ವಿಜ್ಞಾನದಲ್ಲೇ ಎಲ್ಲಕ್ಕಿಂತ ಜಾಸ್ತಿ ಅಂಕ ಬಂದಿತ್ತು. ಅದನ್ನ ಯಾರೂ ನೋಡಲಿಲ್ಲ. ಗಣಿತದ ಅಂಕ ನೋಡಿದ್ರು, ವಿಜ್ಞಾನದ ಅಂಕ ನೋಡಿದ್ರು, ಸೈನ್ಸಿಗೆ ಸೇರಿಸಿದ್ರು. ಸಿಇಟಿ ಬರೆದೆ, ಎಲೆಕ್ಟ್ರಾನಿಕ್ಸ್ ಸಿಕ್ತು, ನಾಲ್ಕು ವರ್ಷ ಓದಿ ಪಾಸಾದೆ. ನನ್ನ ಮನೆಯವರನ್ನ ದೂರ್ತಾ ಇಲ್ಲ. ಇಂಜಿನಿಯರಿಂಗ್ ನನಗೆ ಒಳ್ಳೇದೇ ಮಾಡಿದೆ. ಆದ್ರೆ ಅವತ್ತು ನಮ್ಮ ಮನೆಯಲ್ಲಿ ಒಬ್ಬರ ತಲೆಯಲ್ಲೂ ಒಂದು ಪ್ರಶ್ನೆ ಬರಲಿಲ್ಲ: ಈ ಹುಡುಗನಿಗೆ ಇತಿಹಾಸ ಇಷ್ಟ ಇದೆಯಲ್ಲ, ಅದನ್ನ ಮುಂದೆ ಓದಿದ್ರೆ ಏನಾಗುತ್ತೆ? ನನ್ನ ತಲೆಯಲ್ಲೂ ಬರಲಿಲ್ಲ. ಯಾಕಂದ್ರೆ ಇತಿಹಾಸ ಅಂದ್ರೆ ಇಸವಿ ಬಾಯಿಪಾಠ ಮಾಡೋದು ಅಂತ ನಾನೂ ನಂಬಿದ್ದೆ. ಪಾಣಿಪತ್ ಕದನ ಮೂರು ಸಲ ಆಯ್ತು, ಮೈಸೂರು ಯುದ್ಧ ನಾಲ್ಕು ಸಲ ಆಯ್ತು, ಮುಗೀತು.

ಆ ನಂಬಿಕೆ ಎಷ್ಟು ದುಬಾರಿ ಅನ್ನೋದು ಗೊತ್ತಾಗಿದ್ದು ಈ ಕೆಲಸಕ್ಕೆ ಬಂದ ಮೇಲೆ. ಅದನ್ನೂ ಹೇಳಿಬಿಡ್ತೀನಿ. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಆಂಕರ್ ಆದ ಹೊಸತು. ಆಗ ಬೇರೆ ಕಡೆ ಇದ್ದೆ. ಶಿಕ್ಷಣದ ಬಗ್ಗೆ ಒಂದು ಕಾರ್ಯಕ್ರಮ. ನನ್ನ ಕೈಗೆ ಒಂದು ಹಾಳೆ ಬಂತು. ಮೆಕಾಲೆ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣ ಅಂತ. ನೀವೂ ನೋಡಿರ್ತೀರಿ, ಎಲ್ಲರ ಮೊಬೈಲಿಗೂ ಬಂದಿರುತ್ತೆ. ನಾನು ಭಾರತದ ಉದ್ದಗಲ ಸುತ್ತಿದ್ದೀನಿ, ಅಲ್ಲಿ ಒಬ್ಬ ಭಿಕ್ಷುಕನನ್ನೂ ಕಂಡಿಲ್ಲ, ಒಬ್ಬ ಕಳ್ಳನನ್ನೂ ಕಂಡಿಲ್ಲ, ಈ ದೇಶದ ಬೆನ್ನೆಲುಬು ಮುರೀಬೇಕು ಅಂದ್ರೆ ಇವರ ಶಿಕ್ಷಣವನ್ನೇ ಬದಲಾಯಿಸಬೇಕು, ಅನ್ನೋ ಧಾಟಿಯದ್ದು. ಓದೋಕೆ ಮೈ ಜುಮ್ಮನ್ನುತ್ತೆ. ನಾನು ಓದಿದೆ. ದನಿ ಏರಿಸಿ, ಇಳಿಸಿ, ಕೊನೆಗೆ ಕ್ಯಾಮೆರಾ ಕಡೆ ಎರಡು ಸೆಕೆಂಡ್ ಸುಮ್ಮನೆ ನೋಡಿ, ಚೆನ್ನಾಗಿಯೇ ಓದಿದೆ.

ಕಾರ್ಯಕ್ರಮ ಮುಗಿದ ಅರ್ಧ ಗಂಟೆಗೆ ಒಂದು ಫೋನ್. ಸಣ್ಣ ಊರಿನ ಸರ್ಕಾರಿ ಪಿಯು ಕಾಲೇಜಿನ ಇತಿಹಾಸದ ಲೆಕ್ಚರರು, ನಿವೃತ್ತಿಗೆ ಹತ್ತಿರ ಇದ್ದವರು. ಬೈತಾರೆ ಅಂದುಕೊಂಡೆ. ಬೈಲಿಲ್ಲ. "ತಮ್ಮಾ, ಸಿಟ್ಟಾಗಬೇಡ, ಒಂದೇ ಪ್ರಶ್ನೆ ಕೇಳ್ತೀನಿ" ಅಂದ್ರು. "1835ರ ಫೆಬ್ರವರಿ 2ನೇ ತಾರೀಕು ಮೆಕಾಲೆ ಎಲ್ಲಿದ್ದ?"

ನನಗೇನು ಗೊತ್ತು? ಪಾರ್ಲಿಮೆಂಟಿನಲ್ಲಿ ಮಾತಾಡಿದ ಅಂದ್ರೆ ಲಂಡನ್ನಿನಲ್ಲೇ ಇದ್ದಿರಬೇಕು ಅಂದೆ.

"ಇಲ್ಲ ತಮ್ಮಾ. ಅವನು 1834ರಲ್ಲೇ ಮದರಾಸಿಗೆ ಬಂದಿಳಿದಿದ್ದ. 1838ರ ತನಕ ಭಾರತದಲ್ಲೇ ಇದ್ದ. ಶಿಕ್ಷಣದ ಬಗ್ಗೆ ಅವನು ಬರೆದ ಟಿಪ್ಪಣಿ ಇದೆಯಲ್ಲ, ಅದರ ತಾರೀಕೇ 1835ರ ಫೆಬ್ರವರಿ 2. ಅದನ್ನ ಬರೆದದ್ದು ಕಲ್ಕತ್ತೆಯಲ್ಲಿ. ಒಂದೇ ದಿನ ಕಲ್ಕತ್ತೆಯಲ್ಲಿ ಟಿಪ್ಪಣಿ ಬರೆದು ಲಂಡನ್ನಿನಲ್ಲಿ ಭಾಷಣ ಮಾಡೋಕೆ ಆಗ ವಿಮಾನ ಇರಲಿಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ದಾರಿ."

ಇನ್ನೊಂದು ಮಾತನ್ನೂ ಹೇಳಿದ್ರು. ಉದ್ದಗಲ ಸುತ್ತಿದ್ದೀನಿ ಅನ್ನೋ ಮನುಷ್ಯ ಆ ಹೊತ್ತಿಗೆ ಭಾರತದಲ್ಲಿ ನೋಡಿದ್ದೇನು? ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ಊಟಿಗೆ ಹೋಗಿದ್ದ, ಗವರ್ನರ್ ಜನರಲ್ ಬೆಂಟಿಂಕ್‌ನನ್ನು ಕಾಣೋಕೆ. ಆಮೇಲೆ ಕಲ್ಕತ್ತೆ ಸೇರಿದ. ಅಷ್ಟೇ. ಅವನು ನಿಜವಾಗಿ ಬರೆದ ಟಿಪ್ಪಣಿಯಲ್ಲಿ ಭಾರತದ ಹೊಗಳಿಕೆ ಇಲ್ಲ, ನಮ್ಮ ಸಾಹಿತ್ಯವನ್ನ ಹೀಗಳೆಯೋದೇ ಇದೆ. "ಅವನನ್ನ ಟೀಕಿಸೋಕೆ ನಿಜವಾದ ಟಿಪ್ಪಣಿಯೇ ಸಾಕು. ಸುಳ್ಳು ಭಾಷಣ ಯಾಕೆ ಬೇಕು?" ಅಂತ ಕೇಳಿದ್ರು. ಕೊನೆಗೆ, "ಬೇಜಾರು ಮಾಡ್ಕೋಬೇಡ, ಇದು ನಮ್ಮ ಪಿಯುಸಿ ಮಕ್ಕಳ ಪಾಠ" ಅಂತ ಹೇಳಿ ಫೋನ್ ಇಟ್ರು.

ಮರುದಿನ ತಿದ್ದುಪಡಿ ಹಾಕೋಣ ಅಂತ ಕೇಳಿದೆ. ಆಗ ನಾನಿದ್ದ ಕಡೆ ಯಾರಿಗೂ ಅದು ಮುಖ್ಯ ಅನ್ನಿಸಲಿಲ್ಲ. ನಾನೂ ಹೊಸಬ, ಗಟ್ಟಿಯಾಗಿ ಹೇಳಲಿಲ್ಲ. ಆ ಕ್ಲಿಪ್ ಇವತ್ತಿಗೂ ಓಡಾಡ್ತಾ ಇದೆ. ವರ್ಷಕ್ಕೆ ಒಂದೆರಡು ಸಲ ನನಗೇ ಫಾರ್ವರ್ಡ್ ಆಗಿ ಬರುತ್ತೆ, "ತಪ್ಪದೇ ಎಲ್ಲರಿಗೂ ಕಳಿಸಿ" ಅನ್ನೋ ಒಕ್ಕಣೆಯ ಜೊತೆಗೆ. ನನ್ನದೇ ಮುಖ, ನನ್ನದೇ ದನಿ, ಹೇಳ್ತಾ ಇರೋದು ಸುಳ್ಳು. ಕಲ್ಲು ಎಸೆದಾಗಿದೆ, ವಾಪಸ್ ತರೋಕೆ ಆಗಲ್ಲ.

ಈಗ ನೋಡಿ. ನನ್ನ ಹತ್ತಿರ ಇಂಜಿನಿಯರಿಂಗ್ ಡಿಗ್ರಿ ಇತ್ತು. ಸರ್ಕ್ಯೂಟ್ ಕೊಟ್ರೆ ತಪ್ಪು ಎಲ್ಲಿದೆ ಅಂತ ಹುಡುಕ್ತಿದ್ದೆ. ಮಲ್ಟಿಮೀಟರ್ ಹಿಡಿದು ಒಂದೊಂದೇ ಪಾಯಿಂಟ್ ಚೆಕ್ ಮಾಡೋದು ಕಲಿತಿದ್ದೆ. ಆದ್ರೆ ಒಂದು ಹಾಳೆ ಮೇಲೆ ಬರೆದಿರೋ ಮಾತನ್ನ ಚೆಕ್ ಮಾಡೋದು ಹೇಗೆ ಅನ್ನೋದು ನನಗೆ ಯಾರೂ ಕಲಿಸಿರಲಿಲ್ಲ. ಇದನ್ನ ಯಾರು ಬರೆದ್ರು? ಯಾವಾಗ ಬರೆದ್ರು? ಬರೆದವನು ಅಲ್ಲಿ ಇದ್ನಾ? ಬೇರೆ ಯಾರಾದ್ರೂ ಇದನ್ನೇ ಹೇಳ್ತಾರಾ? ಹೀಗೆ ಹೇಳಿದ್ರೆ ಯಾರಿಗೆ ಲಾಭ? ಈ ಐದು ಪ್ರಶ್ನೆ ಕೇಳೋದೇ ಇತಿಹಾಸ ಓದೋದು. ಇಸವಿ ಬೇಕು. ಆದ್ರೆ ಅದು ಬಾಯಿಪಾಠ ಒಪ್ಪಿಸೋಕಲ್ಲ. ಆ ಲೆಕ್ಚರರಿಗೆ 1835 ಅನ್ನೋದು ಬರೀ ಒಂದು ಇಸವಿ ಆಗಿರಲಿಲ್ಲ, ಸುಳ್ಳು ಹಿಡಿಯೋ ಮಲ್ಟಿಮೀಟರ್ ಆಗಿತ್ತು.

ಈಗ ಸಿಂಧನೂರಿನ ಅಣ್ಣನಿಗೆ ಅವರದೇ ಜಿಲ್ಲೆಯ ಒಂದು ವಿಷಯ ಹೇಳ್ತೀನಿ.

ಪಿಯುಸಿ ಇತಿಹಾಸದ ಯಾವ ಗೈಡ್ ತೆಗೆದ್ರೂ ಒಂದು ಅಂಕದ ಪ್ರಶ್ನೆ ಒಂದು ಇದ್ದೇ ಇರುತ್ತೆ. ಅಶೋಕನ ಹೆಸರನ್ನು ಹೇಳುವ ಶಾಸನ ಯಾವುದು? ಉತ್ತರ: ಮಸ್ಕಿ ಶಾಸನ. ಎರಡು ಪದ ಬರೆದ್ರೆ ಒಂದು ಅಂಕ. ಮುಂದಿನ ಪ್ರಶ್ನೆಗೆ ಹೋಗಬಹುದು.

ಆದ್ರೆ ಆ ಎರಡು ಪದದ ಹಿಂದೆ ಏನಿದೆ ಗೊತ್ತಾ? ದೇಶದ ತುಂಬ ಬಂಡೆಗಳ ಮೇಲೆ, ಕಂಬಗಳ ಮೇಲೆ ಒಂದು ಹಳೇ ಲಿಪಿ ಇತ್ತು. ನೂರಾರು ವರ್ಷ ಅದನ್ನ ಓದೋಕೆ ಬರೋರು ಒಬ್ಬರೂ ಇರಲಿಲ್ಲ. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷೆ ಮಾಡೋ ಕೆಲಸದಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ ಅದರ ಹಿಂದೆ ಬಿದ್ದ. ಸಾಂಚಿ ಸ್ತೂಪದ ಕಟಕಟೆಯ ಮೇಲೆ ಸಣ್ಣ ಸಣ್ಣ ಸಾಲುಗಳಿದ್ದವು. ಅವುಗಳಲ್ಲಿ ಬಹಳಷ್ಟು ಒಂದೇ ಥರದ ಅಕ್ಷರಗಳಿಂದ ಮುಗೀತಿದ್ವು. ನಮ್ಮ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟ್ ಮೇಲೂ ದಾನಿಗಳ ಹೆಸರು ಇರುತ್ತಲ್ಲ, ಹಾಗೆ. ಇವು ದಾನ ಕೊಟ್ಟವರ ಹೆಸರಿರಬೇಕು, ಹಾಗಾದ್ರೆ ಕೊನೆಯ ಪದ 'ದಾನಂ' ಇರಬೇಕು ಅಂತ ಪ್ರಿನ್ಸೆಪ್ ಊಹಿಸಿದ. ಊಹೆ ಸರಿ ಹೋಯ್ತು. 1837ರಲ್ಲಿ ಬ್ರಾಹ್ಮಿ ಲಿಪಿ ಓದೋಕೆ ಬಂತು.

ಓದಿದ್ರೆ ಎಲ್ಲ ಕಡೆ ಒಬ್ಬ ರಾಜ ಮಾತಾಡ್ತಾನೆ. ಹೆಸರು ಮಾತ್ರ ಹೇಳಲ್ಲ. ದೇವಾನಂಪ್ರಿಯ, ಪ್ರಿಯದರ್ಶಿ ಅಂತ ಬಿರುದಷ್ಟೇ. ಯಾರು ಈ ಪ್ರಿಯದರ್ಶಿ? ಇವನು ಸಿಂಹಳದ ರಾಜ ಇರಬೇಕು ಅಂತ ಮೊದಲು ಪ್ರಿನ್ಸೆಪ್ಪೇ ತಪ್ಪು ತಿಳಿದಿದ್ದ. ಆಮೇಲೆ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥ ದೀಪವಂಶ ನೋಡಿ, ಪ್ರಿಯದರ್ಶಿ ಅಂದ್ರೆ ಚಂದ್ರಗುಪ್ತನ ಮೊಮ್ಮಗ ಅಶೋಕ ಅಂತ ತೋರಿಸಿದ. ಬಹಳ ಜನ ಒಪ್ಪಿದ್ರು. ಆದ್ರೂ ಅದು ಪುಸ್ತಕದ ಸಾಕ್ಷಿ. ಕಲ್ಲು ಬಾಯಿ ಬಿಟ್ಟಿರಲಿಲ್ಲ.

ಕಲ್ಲು ಬಾಯಿ ಬಿಟ್ಟಿದ್ದು 1915ರಲ್ಲಿ. ಎಲ್ಲಿ? ಮಸ್ಕಿಯಲ್ಲಿ. ಆಗ ರಾಯಚೂರು ನಿಜಾಮನ ಆಡಳಿತದಲ್ಲಿತ್ತು. ಚಿನ್ನದ ನಿಕ್ಷೇಪ ಹುಡುಕ್ತಾ ಬಂದ ಬೀಡನ್ ಅನ್ನೋ ಗಣಿ ಇಂಜಿನಿಯರ್ ಬಂಡೆಯ ಮೇಲಿನ ಬರಹ ನೋಡಿದ. ಅದನ್ನ ಓದಿದಾಗ ಬಿರುದಿನ ಜೊತೆಗೆ ಹೆಸರೂ ಇತ್ತು: ಅಶೋಕ. 1837ರಿಂದ 1915, ಒಟ್ಟು 78 ವರ್ಷ. ದೇಶದ ದೊಡ್ಡ ದೊಡ್ಡ ಕಂಬಗಳು ಹೇಳದೇ ಇದ್ದ ಹೆಸರನ್ನ ಹೇಳಿದ್ದು ನಮ್ಮ ರಾಯಚೂರು ಜಿಲ್ಲೆಯ ಒಂದು ಬಂಡೆ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳಂನಲ್ಲೂ ಆ ಹೆಸರು ಸಿಕ್ತು. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ಸಿಕ್ತು, ಅದರ ಮೇಲೆ ಹೆಸರನ್ನೂ ಕೆತ್ತಿದ್ದಾರೆ.

ಅಣ್ಣ, ಇದು ನಿಮ್ಮೂರಿನಿಂದ ಒಂದು ಗಂಟೆಯ ದಾರಿಯೊಳಗೆ ಇರೋ ಬಂಡೆ. ಅದನ್ನ ಮೊದಲು ಗುರುತಿಸಿದವನು ಒಬ್ಬ ಇಂಜಿನಿಯರ್. ಆದ್ರೆ ಗುರುತಿಸಿದ ಮೇಲೆ ಅದು ಏನು, ಯಾಕೆ ಮುಖ್ಯ ಅಂತ ಹೇಳೋಕೆ ಇತಿಹಾಸ ಓದಿದವರೇ ಬೇಕಾಯ್ತು. ಇಬ್ಬರೂ ಬೇಕು ಅನ್ನೋದು ನನ್ನ ವಾದ. ಒಬ್ಬರು ಮೇಲು, ಒಬ್ಬರು ಕೀಳು ಅನ್ನೋ ಲೆಕ್ಕ ಎಲ್ಲಿಂದ ಬಂತು?

ಇನ್ನೊಂದು ಉದಾಹರಣೆ, ಬೆಂಗಳೂರಿನವರಿಗೆ. ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂತ ಯಾರನ್ನ ಕೇಳಿದ್ರೂ ಒಂದೇ ಕಥೆ. ಹೊಯ್ಸಳ ರಾಜ ವೀರಬಲ್ಲಾಳ ಬೇಟೆಗೆ ಬಂದ, ದಾರಿ ತಪ್ಪಿದ, ಹಸಿವಾಯ್ತು, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಆಯ್ತು. ಚಂದದ ಕಥೆ. ಆ ಅಜ್ಜಿ ನನಗೂ ಇಷ್ಟ. ಆದ್ರೆ ಬೇಗೂರಿನ ದೇವಸ್ಥಾನದಲ್ಲಿ ಗಂಗರ ಕಾಲದ ಒಂದು ವೀರಗಲ್ಲಿನ ಶಾಸನ ಇದೆ. ಹೆಚ್ಚುಕಡಿಮೆ ಕ್ರಿ.ಶ. 900ರ ಸುಮಾರಿನದ್ದು. ಅದರಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಮಾತು ಬರುತ್ತೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದ್ರೆ ರಾಜನಿಗೆ ಹಸಿವಾಗೋದಕ್ಕಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಕಥೆ ಕಥೆಯಾಗಿ ಇರಲಿ, ಮಕ್ಕಳಿಗೆ ಹೇಳೋಣ. ಆದ್ರೆ ಕಥೆ ಯಾವುದು, ಸಾಕ್ಷಿ ಯಾವುದು ಅಂತ ಬೇರೆ ಮಾಡೋಕೆ ಬರಬೇಕು. ಹದಿನೇಳು ವರ್ಷಕ್ಕೆ ಈ ಕೆಲಸ ಕಲಿತ ಹುಡುಗಿಯನ್ನ ಮುಂದೆ ಯಾರೂ ಸುಲಭವಾಗಿ ಮೋಸ ಮಾಡೋಕಾಗಲ್ಲ. ರಾಜಕಾರಣಿಯೂ ಆಗಲ್ಲ, ಚೀಟಿ ವ್ಯವಹಾರದವನೂ ಆಗಲ್ಲ, ನನ್ನಂಥ ಆಂಕರ್ರೂ ಆಗಲ್ಲ.

ಸರಿ, ಇಷ್ಟೆಲ್ಲ ಹೊಗಳಿದ್ದಾಯ್ತು. ಹೊಟ್ಟೆಪಾಡು? ಆ ಅಪ್ಪ ಕೇಳೋದು ಅದನ್ನೇ. ಕೇಳಬೇಕಾದ್ದೇ. ನಾನು ಇಲ್ಲಿ ಕೂತು ದೊಡ್ಡ ಮಾತು ಹೇಳಿ ಎದ್ದು ಹೋಗಬಹುದು, ಮನೆ ನಡೆಸೋರು ಅವರು. ಅದಕ್ಕೆ ನೇರವಾಗಿ ಹೇಳ್ತೀನಿ.

ಪಿಯುಸಿಯಲ್ಲಿ ಇತಿಹಾಸ ತಗೊಂಡ್ರೆ ಕೆಲವು ಬಾಗಿಲು ಮುಚ್ಚುತ್ತೆ. ಮೆಡಿಕಲ್ ಇಲ್ಲ, ಇಂಜಿನಿಯರಿಂಗ್ ಇಲ್ಲ. ಇದು ನಿಜ, ಮುಚ್ಚಿಡಬಾರದು. ಇನ್ನೊಂದು ನಿಜ: 2025ರ ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶ ನೋಡಿ. ವಿಜ್ಞಾನದಲ್ಲಿ ಶೇ. 82, ವಾಣಿಜ್ಯದಲ್ಲಿ ಶೇ. 76, ಕಲಾ ವಿಭಾಗದಲ್ಲಿ ಬರೀ ಶೇ. 53 ಪಾಸು. ನೂರಕ್ಕೆ ನಲವತ್ತೇಳು ಮಕ್ಕಳು ದಾಟಲಿಲ್ಲ. ಯಾಕೆ? ಇತಿಹಾಸ ಅಷ್ಟು ಕಷ್ಟವಾ? ನನಗೆ ಹಾಗನ್ನಿಸಲ್ಲ. ಹತ್ತನೇ ಕ್ಲಾಸಿನಲ್ಲಿ ಕಡಿಮೆ ಅಂಕ ಬಂತಾ, ಆರ್ಟ್ಸಿಗೆ ಹಾಕು. ಟ್ಯೂಷನ್ನಿಗೆ ದುಡ್ಡಿಲ್ವಾ, ಆರ್ಟ್ಸಿಗೆ ಹಾಕು. ಮದುವೆ ಆಗೋ ತನಕ ಮನೆಯಲ್ಲಿ ಸುಮ್ಮನೆ ಯಾಕೆ ಕೂರಬೇಕು, ಆರ್ಟ್ಸಿಗೆ ಹಾಕು. ನಾವೇ ಅದನ್ನ ಉಳಿದವರ ಕೋಣೆ ಮಾಡಿಟ್ಟಿದ್ದೀವಿ. ಆಮೇಲೆ ಆ ಕೋಣೆಯ ರಿಸಲ್ಟ್ ನೋಡಿ ನಗ್ತೀವಿ. ಅದೇ ಕಲಾ ವಿಭಾಗದಲ್ಲಿ ಮನಸ್ಸಿಟ್ಟು ಓದಿಸಿದ ಕಡೆ ಏನಾಗುತ್ತೆ ಅನ್ನೋದಕ್ಕೆ ವಿಜಯನಗರ ಜಿಲ್ಲೆಯ ಕೊಟ್ಟೂರು ಇದೆ. ಟಾಪರ್‌ಗಳ ಪಟ್ಟಿಯಲ್ಲಿ ಆ ಸಣ್ಣ ಊರಿನ ಹೆಸರನ್ನ ನಾನೇ ಈ ಕುರ್ಚಿಯಲ್ಲಿ ಕೂತು ಓದಿದ್ದೀನಿ.

ತೆರೆಯೋ ಬಾಗಿಲುಗಳೂ ಇವೆ. ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಪದವಿ ಇದೆ, ಯಾವ ವಿಭಾಗದವರಾದ್ರೂ ಸೇರಬಹುದು. ಸಾಕ್ಷಿ ತೂಗೋದು ಕಲಿತವರಿಗೆ ಕೋರ್ಟು ಹೊಸ ಜಾಗ ಅಲ್ಲ. ಯುಪಿಎಸ್‌ಸಿ, ಕೆಎಎಸ್ ಪರೀಕ್ಷೆಗಳಲ್ಲಿ ಇತಿಹಾಸ ಇಲ್ಲದೆ ಸಾಮಾನ್ಯ ಅಧ್ಯಯನ ಇಲ್ಲ. ಲಕ್ಷಾಂತರ ಸಂಬಳ ಬಿಟ್ಟು ಕೋಚಿಂಗ್ ಸೆಂಟರಿನಲ್ಲಿ ಕೂತು ಮೌರ್ಯರು, ಗುಪ್ತರು ಅಂತ ಹೊಸದಾಗಿ ಓದ್ತಾ ಇರೋ ಇಂಜಿನಿಯರುಗಳು ನನ್ನ ಕ್ಲಾಸ್‌ಮೇಟ್‌ಗಳಲ್ಲೇ ಇದ್ದಾರೆ. ಬಿ.ಎಡ್ ಮಾಡಿ ಮೇಷ್ಟ್ರಾಗಬಹುದು. ಪುರಾತತ್ವ, ಮ್ಯೂಸಿಯಂ, ಪತ್ರಾಗಾರ ಇವೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರೋದು ದೆಹಲಿಯಲ್ಲಲ್ಲ, ನಮ್ಮ ಮೈಸೂರಿನಲ್ಲಿ. ಹುದ್ದೆ ಕಡಿಮೆ, ದಾರಿ ಉದ್ದ, ಒಪ್ತೀನಿ. ಆದ್ರೆ ಇಷ್ಟ ಇಲ್ಲದ ಇಂಜಿನಿಯರಿಂಗ್ ಮಾಡಿದವರಿಗೂ ದಾರಿ ಈಗ ಅಷ್ಟೇನು ಗಿಡ್ಡವಾಗಿಲ್ಲ ಅನ್ನೋದು ನಿಮಗೂ ಗೊತ್ತು.

ಹಾಗಂತ ಹುಡುಗಿಗೂ ಒಂದು ಎಚ್ಚರಿಕೆ ಹೇಳಬೇಕು. ತಂಗಿ, ನೀನು ಅಂದ್ಕೊಂಡಿರೋ ಇತಿಹಾಸ ಕಾಲೇಜಿನಲ್ಲಿ ತಾನಾಗೇ ಸಿಗುತ್ತೆ ಅಂತ ತಿಳೀಬೇಡ. ಮೊದಲ ವರ್ಷ ಜಗತ್ತಿನ ಇತಿಹಾಸ, ಎರಡನೇ ವರ್ಷ ಭಾರತ, ಅದರೊಳಗೆ ಕರ್ನಾಟಕ. ಪಠ್ಯ ಕೆಟ್ಟದಾಗಿಲ್ಲ. ನಕ್ಷೆಯಲ್ಲಿ ಊರು ಗುರುತಿಸು ಅಂತಾರೆ, ಕಾಲಾನುಕ್ರಮದಲ್ಲಿ ಬರಿ ಅಂತಾರೆ. ಆದ್ರೆ ಬಹಳ ಕಡೆ ಪಾಠ ನಡೆಯೋದು ಗೈಡಿನಿಂದ. ಹತ್ತು ಅಂಕದ ಉತ್ತರಕ್ಕೆ ಹತ್ತು ಪಾಯಿಂಟ್, ಬರೆದುಕೋ, ಬಾಯಿಪಾಠ ಮಾಡು. ಕನ್ನಡದ ಮೊದಲ ಶಾಸನ ಯಾವುದು ಅಂದ್ರೆ ಹಲ್ಮಿಡಿ, ಸುಮಾರು 450 ಅಂತ ಬರೆಸ್ತಾರೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಉತ್ಖನನ ಮಾಡಿದಾಗ ಸಿಂಹಕಟಾಂಜನ ಶಾಸನ ಸಿಕ್ಕಿದೆ, ಅದನ್ನ 370ರದ್ದು ಅಂತ ಪುರಾತತ್ವ ಇಲಾಖೆಯ ವಿದ್ವಾಂಸರು ಹೇಳಿದ್ದಾರೆ. ಒಳ್ಳೆ ಮೇಷ್ಟ್ರು ಎರಡನ್ನೂ ಹೇಳಿ, ಯಾವ ಆಧಾರದ ಮೇಲೆ ಹೇಳ್ತಾರೆ ನೋಡು ಅಂತಾರೆ. ಗೈಡ್ ಒಂದನ್ನೇ ಹೇಳಿ ಸುಮ್ಮನಾಗುತ್ತೆ. ನೀನು ಆ ಇನ್ನೊಂದನ್ನ ಹುಡುಕಬೇಕಾಗುತ್ತೆ. ಅದಕ್ಕೆ ತಯಾರಿದ್ರೆ ಮಾತ್ರ ಹೋಗು.

ಇದನ್ನ ಸರಿ ಮಾಡೋಕೆ ಆಗಲ್ವಾ? ಆಗುತ್ತೆ. ಇಂಗ್ಲೆಂಡಿನಲ್ಲಿ ನಮ್ಮ ಪಿಯುಸಿ ವಯಸ್ಸಿನ ಮಕ್ಕಳು ಎ-ಲೆವೆಲ್ ಓದ್ತಾರೆ. ಸಾಮಾನ್ಯವಾಗಿ ಮೂರೇ ವಿಷಯ, ಆದ್ರೆ ಆಳವಾಗಿ. ಗಣಿತ, ಭೌತಶಾಸ್ತ್ರದ ಜೊತೆ ಇತಿಹಾಸ ತಗೊಂಡ್ರೂ ಯಾರೂ ತಡೆಯಲ್ಲ. ಇತಿಹಾಸದ ಪರೀಕ್ಷೆಯಲ್ಲಿ ಹಳೇ ಪತ್ರ, ವರದಿಗಳ ತುಣುಕು ಕೊಟ್ಟು ಇದನ್ನ ಎಷ್ಟು ನಂಬಬಹುದು, ಯಾಕೆ ಅಂತ ಕೇಳ್ತಾರೆ. ಒಟ್ಟು ಅಂಕದಲ್ಲಿ ಶೇ. 20 ವಿದ್ಯಾರ್ಥಿ ತಾನೇ ಪ್ರಶ್ನೆ ಇಟ್ಕೊಂಡು, ಆಧಾರ ಹುಡುಕಿ ಬರೆಯೋ ಪ್ರಬಂಧಕ್ಕೆ. ಬೆಂಗಳೂರಿನಲ್ಲೇ ದುಬಾರಿ ಫೀಸಿನ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಐಬಿ ಓದೋ ಮಕ್ಕಳು ಇತಿಹಾಸಕ್ಕೆ ಇಂಥದ್ದೇ ಸ್ವಂತ ತನಿಖೆ ಬರೀತಾರೆ. ನೋಡಿ ವಿಚಿತ್ರ. ಲಕ್ಷಗಟ್ಟಲೆ ಫೀಸು ಕೊಡೋ ಮನೆಯಲ್ಲಿ ಇತಿಹಾಸ ಗೌರವದ ವಿಷಯ. ಸರ್ಕಾರಿ ಪಿಯು ಕಾಲೇಜಿನಲ್ಲಿ ಅದು ನಗುವ ವಿಷಯ.

ನಮ್ಮಲ್ಲೂ ಅವಕಾಶ ಇದೆ. 2023-24ರಿಂದ ಇತಿಹಾಸದ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ. ಅದರಲ್ಲಿ ಪ್ರಾಜೆಕ್ಟೂ ಸೇರಿದೆ. ಆ ಪ್ರಾಜೆಕ್ಟ್ ಅನ್ನೋದು ಎಷ್ಟೋ ಕಡೆ ಏನಾಗಿದೆ? ಝೆರಾಕ್ಸ್ ಅಂಗಡಿಯಿಂದ ತಾಜ್‌ಮಹಲಿನ ಚಿತ್ರ, ಇಂಟರ್‌ನೆಟ್ಟಿನಿಂದ ನಾಲ್ಕು ಪುಟ, ಮೇಲೆ ಬಣ್ಣದ ಕವರ್. ಅದರ ಬದಲು ಪ್ರತಿ ಹುಡುಗನಿಗೂ, ಪ್ರತಿ ಹುಡುಗಿಗೂ ಒಂದೇ ಕೆಲಸ ಕೊಡಿ. ನಿಮ್ಮೂರಿನ ಒಂದು ಆಧಾರ ತಗೊಂಡು ಬನ್ನಿ. ಊರ ಹೊರಗಿನ ವೀರಗಲ್ಲು ಇರಬಹುದು. ಶಾಲೆಯ ಹಳೇ ದಾಖಲಾತಿ ಪುಸ್ತಕ ಇರಬಹುದು, ಯಾವ ವರ್ಷ ಯಾವ ಕೇರಿಯ ಮೊದಲ ಹುಡುಗಿ ಶಾಲೆಗೆ ಬಂದಳು ಅಂತ ಅದರಲ್ಲಿ ಗೊತ್ತಾಗುತ್ತೆ. ಅಜ್ಜನ ಹತ್ತಿರ ಇರೋ ಹಳೇ ಪಹಣಿ ಇರಬಹುದು. ತುಂಗಭದ್ರಾ ಕಾಲುವೆ ನೀರು ಬರೋದಕ್ಕೆ ಮೊದಲು ಈ ಹೊಲದಲ್ಲಿ ಏನು ಬೆಳೀತಿದ್ರಿ ಅಂತ ಅಜ್ಜಿಯನ್ನ ಕೇಳಿ ಬರೆದುಕೊಂಡು ಬರಬಹುದು. ಆಮೇಲೆ ಅದೇ ಐದು ಪ್ರಶ್ನೆ ಕೇಳಿ. ಯಾರು ಹೇಳಿದ್ರು, ಯಾವಾಗ, ಅಲ್ಲಿದ್ರಾ, ಬೇರೆಯವರೂ ಹೇಳ್ತಾರಾ, ಯಾರಿಗೆ ಲಾಭ. ಇದಕ್ಕೆ ಹೊಸ ಬಜೆಟ್ ಬೇಡ, ಹೊಸ ಸಮಿತಿ ಬೇಡ. ಹಾಳೆ, ಪೆನ್ನು, ಒಬ್ಬ ಮನಸ್ಸಿರೋ ಮೇಷ್ಟ್ರು ಸಾಕು.

ಇನ್ನೊಂದು ವಿಷಯ, ಇದು ನಮ್ಮ ಮನೆಯದ್ದೇ ತಪ್ಪು. ಪಠ್ಯಪುಸ್ತಕದ ಗಲಾಟೆ ನಿಮಗೆ ನೆನಪಿದೆ. 2022ರಲ್ಲಿ ಒಂದು ಸರ್ಕಾರ ಶಾಲಾ ಪಠ್ಯ ಪರಿಷ್ಕರಣೆ ಮಾಡಿತು. 2023ರಲ್ಲಿ ಇನ್ನೊಂದು ಸರ್ಕಾರ ಬಂದು ಕೆಲವು ಪಾಠ ತೆಗೆಯಿತು, ಕೆಲವನ್ನ ವಾಪಸ್ ತಂದಿತು. ಎರಡೂ ಸಲ ನಾವು ರಾತ್ರಿ ಒಂಬತ್ತು ಗಂಟೆಗೆ ಡಿಬೇಟ್ ಮಾಡಿದ್ವಿ. ನಾನೇ ನಡೆಸಿದ್ದೀನಿ. ಆರು ಜನ ಒಟ್ಟಿಗೆ ಕೂಗಾಡಿದ್ರು. ಯಾವ ಪಾಠ ಇರಬೇಕು, ಯಾರ ಪಾಠ ಇರಬೇಕು. ಅಷ್ಟು ದಿನದಲ್ಲಿ ನಾನು ಒಂದು ಪ್ರಶ್ನೆ ಕೇಳಲೇ ಇಲ್ಲ: ಇಲ್ಲಿ ಕೂತಿರೋ ಆರು ಜನರಲ್ಲಿ ಯಾರ ಮಗ, ಯಾರ ಮಗಳು ಪಿಯುಸಿಯಲ್ಲಿ ಇತಿಹಾಸ ಓದ್ತಾ ಇದ್ದಾರೆ? ಇತಿಹಾಸಕ್ಕಾಗಿ ಬೀದಿಯಲ್ಲಿ ಜಗಳ ಆಡ್ತೀವಿ, ಮಗಳು ಅದನ್ನೇ ಓದ್ತೀನಿ ಅಂದ್ರೆ ಮನೆಯಲ್ಲಿ ಜಗಳ ಆಡ್ತೀವಿ. ಓದೋದು ಬೇಡ, ಬಡಿದಾಡೋಕೆ ಮಾತ್ರ ಬೇಕು. ಇದು ಸರಿಯಾ?

ಈಗ ಅಣ್ಣ, ನಿಮಗೆ ನನ್ನ ಉತ್ತರ. ನಿಮ್ಮ ಮಗಳಿಗೆ ಬುದ್ಧಿ ಹೇಳ್ರಿ ಅಂದ್ರಿ. ನಾನು ಹೇಳಲ್ಲ. ನಿಮಗೊಂದು ಮಾತು ಹೇಳ್ತೀನಿ. ಅಡ್ಮಿಷನ್ನಿಗೆ ಇನ್ನೂ ಟೈಮ್ ಇದೆ. ಈ ಭಾನುವಾರ ಅಂಗಡಿ ಅರ್ಧ ದಿನ ಮುಚ್ಚಿ. ಮಗಳನ್ನ ಬೈಕಿನ ಹಿಂದೆ ಕೂರಿಸಿಕೊಂಡು ಮಸ್ಕಿಗೆ ಹೋಗಿ. ಬೆಟ್ಟದ ಹತ್ತಿರ ಆ ಬಂಡೆ ಮುಂದೆ ನಿಂತು, "ಇದರಾಗ ಏನೈತಿ, ನನಗ ತಿಳಿಯೋ ಹಂಗ ಹೇಳವ್ವ" ಅಂತ ಕೇಳಿ. ಬರೀ ಅಶೋಕ ಅಂತ ಹೇಳಿ ಸುಮ್ಮನಾದ್ರೆ, ಇನ್ನೊಮ್ಮೆ ಯೋಚನೆ ಮಾಡು ಅಂತ ನೀವೇ ಹೇಳಿ. ಅರ್ಧ ಗಂಟೆ ನಿಂತು ಹೇಳಿದ್ರೆ, ನಡುವೆ ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದ್ರೆ, ನೀವು ಪ್ರಶ್ನೆ ಕೇಳಿದಾಗ "ಅದು ಗೊತ್ತಿಲ್ಲ ಅಪ್ಪ, ಹುಡುಕ್ತೀನಿ" ಅಂದ್ರೆ, ಅವಳನ್ನ ತಡೀಬೇಡಿ. ಓಣಿಯ ಮಂದಿ ಎರಡು ದಿನ ನಗ್ತಾರೆ, ಆಮೇಲೆ ಅವರವರ ಕೆಲಸಕ್ಕೆ ಹೋಗ್ತಾರೆ.

ಮತ್ತೆ ತಂಗಿ, ನಿನಗೆ. ಮುಂದೆ ಒಂದು ದಿನ ನಾನು ಇಲ್ಲಿ ಕೂತು ಏನಾದ್ರೂ ತಪ್ಪು ಓದಿದ್ರೆ, ಆ ಮೇಷ್ಟ್ರ ಹಾಗೆ ನೀನೂ ಫೋನ್ ಮಾಡು. ಈ ಸಲ ತಿದ್ದುಪಡಿ ಹಾಕಿಸೋದು ನನ್ನ ಜವಾಬ್ದಾರಿ.